ಶಾಕಪ್ಪಿಗೆ ಇರುವೆ ಬಂದ ಪ್ರಸಂಗ

ನಿಮ್ಮ ಗಾಡಿಯ ಮುಂದಿನ ಶಾಕಪ್ ಎಂದಾದರೂ ಅತ್ತಿದೆಯೇ? ಅತ್ತಿರಲೇಬೇಕು. ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ದಿನಾ ಗಾಡಿ ಹೊಡೆಯುವವನ ಶಾಕಪ್ ಅಳಲಿಲ್ಲವೆಂದರೆ ಅದಕ್ಕೆ ಕರುಳೇ ಇಲ್ಲ. ಕಬ್ಬಿನ ಸೀಜನ್ ಬಂತೆಂದರೆ ಸಾಕು, ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಅದರ ಮೇಲೆ ಮನೆಯೆತ್ತರ ಕಬ್ಬು. ಅದು ಹೋದ ದಾರಿಯಲ್ಲಿ ಉಳಿಯುವುದು ಎರಡೇ: ಬಿದ್ದ ಕಬ್ಬು, ಬಿದ್ದ ತಗ್ಗು. ಕಬ್ಬು ತಪ್ಪಿಸಲು ಹೋಗಿ ತಗ್ಗಿಗೆ ಇಳಿಯುವ ಕಲೆ ನನಗೆ ಕರಗತ.

ನನ್ನದು ಹೀರೋ ಹೊಂಡಾ ಸ್ಪ್ಲೆಂಡರ್. 1994ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದಾಗ ನಾನು ಚಡ್ಡಿ ಹಾಕಿದ ಹುಡುಗ. 2010ರ ಡಿಸೆಂಬರಿನಲ್ಲಿ ಹೀರೋ ಮತ್ತು ಹೊಂಡಾ ಬೇರೆಯಾಗುವುದೆಂದು ತೀರ್ಮಾನ ಮಾಡಿಕೊಂಡರೂ ನನ್ನ ಟ್ಯಾಂಕಿನ ಮೇಲೆ ಮಾತ್ರ ಇಬ್ಬರ ಸಂಸಾರ ಇವತ್ತಿಗೂ ನಡೆದಿದೆ. ಒಂದು ದಿನ ನೋಡುತ್ತೇನೆ, ಹೊಳೆಯುವ ರಾಡಿನ ಸುತ್ತ ಎಣ್ಣೆಯ ಉಂಗುರ. ಉಂಗುರಕ್ಕೆ ಅಂಟಿದ ಧೂಳು. ಬ್ರೇಕ್ ಹಿಡಿದರೆ ಮುಂಭಾಗ ದೇವರ ಮುಂದೆ ಬಿದ್ದ ಭಕ್ತನಂತೆ ಪೂರ್ತಿ ಬಗ್ಗಿಬಿಡುತ್ತಿತ್ತು.

“ಆಯಿಲ್ ಸೀಲ್ ಹೋಗ್ಯಾವ್ರಿ ಸರ್ರ. ಬಿಟ್ಟ ಹೋಗ್ರಿ, ಸಂಜಿಕ ಕೊಡ್ತೇನಿ” ಅಂದ ಗ್ಯಾರೇಜಿನ ಹುಡುಗ. ಅಷ್ಟಕ್ಕೇ ಬಿಟ್ಟು ಬಂದಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ. ಆದರೆ ನಾನು ಸೀಲನ್ನು ಕೈಯಲ್ಲಿ ಹಿಡಿದು ನೋಡಿದೆ. ಬರೇ ಒಂದು ರಬ್ಬರ್ ಬಳೆ! ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ವಿಜ್ಞಾನ ಹೇಳುವವನು ಬಳೆ ತೊಡಿಸುವುದಕ್ಕೆ ಇನ್ನೊಬ್ಬರಿಗೆ ರೊಕ್ಕ ಕೊಡಬೇಕೇ? ಎರಡು ಸೀಲು, ಒಂದು ಬಾಟಲಿ ಶಾಕಪ್ ಆಯಿಲ್ ಕೊಂಡು ಮನೆಗೆ ಬಂದೆ.

“ನಾನ ಮಾಡ್ತೇನಿ” ಅಂದೆ ಹೆಂಡತಿಗೆ.

“ಹೋದ ದೀಪಾವಳಿಗೆ ಮಿಕ್ಸರ್ ಬಿಚ್ಚಿದ್ರೆಲ್ಲಾ, ಅದು ಇನ್ನೂ ಅಟ್ಟದ ಮ್ಯಾಲೆ ಐತ್ರಿ” ಅಂದಳು. ಬೈಗುಳವಲ್ಲ, ಬರೀ ಮಾಹಿತಿ.

ರವಿವಾರ ಬೆಳಿಗ್ಗೆ ಕೆಲಸ ಸುರು. ಮುಂದಿನ ಗಾಲಿ ತೆಗೆದ ಮೇಲೆ ಗಾಡಿ ಮುಗ್ಗರಿಸಬಾರದೆಂದು ಎಮ್ಮೆಯ ಹಗ್ಗದಿಂದ ಹ್ಯಾಂಡಲನ್ನು ಬೇವಿನ ಟೊಂಗೆಗೆ ಬಿಗಿದೆ. ಬಾಜೂ ಮನೆಯ ಅಜ್ಜ ಬಂದು ಗಾಡಿಯನ್ನೂ ಹಗ್ಗವನ್ನೂ ನೋಡಿ, “ಏನ್ ಮಾಸ್ತರ, ಲಾಳ ಹೊಡಸಾಕತ್ತೇರೇನು?” ಎಂದು ಕೇಳಿ, ಕಟ್ಟೆಯ ಮೇಲೆ ಕೂತೇಬಿಟ್ಟರು. ಅವರ ಹಿಂದೆ ಒಂಬತ್ತನೇ ಇಯತ್ತೆಯ ನನ್ನ ಇಬ್ಬರು ಶಿಷ್ಯರು. ಪ್ರೇಕ್ಷಕರು ಬಂದರೆಂದರೆ ನನಗೆ ಕೈಗಿಂತ ಬಾಯಿ ಜಾಸ್ತಿ ಓಡುತ್ತದೆ. ಪಾನಾ ಹಿಡಿದುಕೊಂಡೇ ಹುಕ್‌ನ ನಿಯಮ ಹೇಳತೊಡಗಿದೆ.

ಶಾಕಪ್ಪಿನ ಮೇಲಿನ ಬೋಲ್ಟಿನ ಕೆಳಗೆ ಉದ್ದನೆಯ ಸ್ಪ್ರಿಂಗು ಮುದುರಿಕೊಂಡು, ಸಿಟ್ಟಿನಿಂದ ಕೂತಿರುತ್ತದೆ. ಬೋಲ್ಟನ್ನು ಅಂಗೈಯಿಂದ ಒತ್ತಿ ಹಿಡಿದೇ ಕೊನೆಯ ಸುತ್ತು ಬಿಚ್ಚಬೇಕು. ಇದನ್ನು ನಾನು ಶಿಷ್ಯರಿಗೆ ಹೇಳಿದೆ, ನನಗೆ ಹೇಳಿಕೊಳ್ಳಲಿಲ್ಲ. ಠಣ್! ಬೋಲ್ಟು ನನ್ನ ಕಿವಿಯ ಪಕ್ಕದಲ್ಲಿ ಹಾದು ಪತ್ರಾಸಿಗೆ ಬಡಿದು ಎಮ್ಮೆಯ ಗ್ವಾದಲಿಯಲ್ಲಿ ಬಿತ್ತು. ಎಮ್ಮೆ ಅದನ್ನು ಮೂಸಿ ನೋಡಿ ಮುಖ ತಿರುವಿತು.

“ಸರ್, ಈಗ ಪ್ರಚ್ಛನ್ನ ಶಕ್ತಿ ಚಲನ ಶಕ್ತಿ ಆತಲ್ರೀ?” ಎಂದ ಒಬ್ಬ ಶಿಷ್ಯ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಅವನು ಸೊನ್ನೆ ತಗೊಂಡಿದ್ದ.

ಹಳೇ ಎಣ್ಣೆ ಸುರಿದದ್ದು ಒಂದು ಚರಿಗೆಗೆ. ಕಪ್ಪನೆಯ ಎಣ್ಣೆ, ಕೊಳೆತ ಮೀನಿನಂಥ ನಾತ. ಚರಿಗೆ ಹೆಂಡತಿಯ ತವರು ಮನೆಯದೆಂದು ಗೊತ್ತಾದದ್ದು ಆಮೇಲೆ. ಆ ವಿಷಯ ಇಲ್ಲಿಗೇ ಬಿಡೋಣ, ಮನೆಯಲ್ಲಿ ಇನ್ನೂ ಬಿಟ್ಟಿಲ್ಲ.

ಈಗ ತಳದ ಬೋಲ್ಟು. ಒಳಗಿರುವ ಇನ್ನೊಂದು ಕೊಳವೆಯನ್ನು ಈ ಬೋಲ್ಟು ಹಿಡಿದುಕೊಂಡಿರುತ್ತದೆ. ಸ್ಪ್ರಿಂಗು ಒಳಗಿದ್ದಾಗ ಅದರ ಒತ್ತಡಕ್ಕೆ ಆ ಕೊಳವೆ ಅಲುಗುವುದಿಲ್ಲ, ಬೋಲ್ಟು ಸರಳವಾಗಿ ಬರುತ್ತದೆ. ಹಾಗಾಗಿ ಬಲ್ಲವರು ಮೊದಲು ತಳದ್ದು ಸಡಿಲು ಮಾಡಿ ಆಮೇಲೆ ಸ್ಪ್ರಿಂಗು ತೆಗೆಯುತ್ತಾರೆ. ನನ್ನ ಸ್ಪ್ರಿಂಗು ಆಗಲೇ ಹೊರಗೆ ಬಿದ್ದಿತ್ತು. ಅಲನ್ ಕೀ ಹಾಕಿ ತಿರುವಿದೆ. ತಿರುಗಿತು. ಮತ್ತೆ ತಿರುವಿದೆ. ಮತ್ತೆ ತಿರುಗಿತು. ಬೋಲ್ಟಿನ ಜೊತೆ ಒಳಗಿನ ಕೊಳವೆಯೂ ಗಾಣದೆತ್ತಿನಂತೆ ಸುತ್ತುತ್ತಿತ್ತು. ಅಷ್ಟು ಹೊತ್ತು ನಿಜವಾದ ಗಾಣ ತಿರುವಿದ್ದರೆ ಸಂಕ್ರಾಂತಿಯವರೆಗೆ ಸಾಕಾಗುವಷ್ಟು ಕುಸುಬಿ ಎಣ್ಣೆ ಸಿಗುತ್ತಿತ್ತು.

“ಒಳಗ ಕಟಗಿ ಬಡದ ಹಿಡೀರಿ” ಅಂದರು ಅಜ್ಜ. ಲಾಖಿನ ಮಾತು. ಆದರೆ ನಮ್ಮ ಮನೆಯಲ್ಲಿ ಅಳತೆಯ ಕಟ್ಟಿಗೆ ಎಲ್ಲಿ? ಹಿತ್ತಿಲ ಬೇಲಿಯಾಚೆ ಕಬ್ಬಿತ್ತು. ಒಂದು ಗಳ ಮುರಿದು, ತುದಿ ಕೆತ್ತಿ, ಕೊಳವೆಯೊಳಗೆ ಬಡಿದೆ. ನಂಬುತ್ತೀರೋ ಇಲ್ಲವೋ, ಹಿಡಿಯಿತು! ಬೋಲ್ಟು ಬಂತು. ಶಿಷ್ಯರು ಚಪ್ಪಾಳೆ ಹೊಡೆದರು. ನಾನು ಕಬ್ಬಿನ ಉಳಿದ ತುಂಡನ್ನು ಅವರಿಗೇ ತಿನ್ನಲು ಕೊಟ್ಟೆ. ಒಳಗೆ ಇಳಿದ ರಸದ ವಿಚಾರ ಯಾರಿಗೂ ಹೊಳೆಯಲಿಲ್ಲ.

ಹಳೇ ಸೀಲು ಕೀಳಲು ಇಪ್ಪತ್ತು ನಿಮಿಷ ಸ್ಕ್ರೂಡ್ರೈವರ್ ತಿವಿದೆ. ಅದರ ಮೇಲೆ ತಂತಿಯ ಲಾಕ್ ಒಂದಿದೆ, ಅದನ್ನು ಮೊದಲು ತೆಗೆಯಬೇಕೆಂದು ಇಪ್ಪತ್ತೊಂದನೇ ನಿಮಿಷಕ್ಕೆ ತಿಳಿಯಿತು. ಹೊಸ ಸೀಲಿನ ಒಂದು ಮುಖದಲ್ಲಿ ಸಣ್ಣ ಸ್ಪ್ರಿಂಗಿನ ಬಳೆ ಕಾಣುತ್ತದೆ, ಅದು ಎಣ್ಣೆಯ ಕಡೆ, ಅಂದರೆ ಕೆಳಕ್ಕೆ ಇರಬೇಕು. ಇನ್ನೊಂದು ಮುಖದಲ್ಲಿ ಅಳತೆ ಬರೆದಿತ್ತು. ಅಕ್ಷರ ಮಳೆಗೆ ಅಳಿಸಿ ಹೋದಾವೆಂದು ನಾನು ಅದನ್ನು ಜೋಪಾನವಾಗಿ ಒಳಗೆ ಮಾಡಿದೆ. ಅಕ್ಷರದ ಮೇಲೆ ಮಾಸ್ತರನಿಗೆ ಅಷ್ಟು ಗೌರವ ಇರಬೇಡವೇ! ಸೀಲು ಕೂರಿಸಲು ಪಿವಿಸಿ ಪೈಪಿನ ತುಂಡು ಇಟ್ಟು ಮೇಲಿಂದ ಬಡಿಯಬೇಕು, ಆದರೆ ಸುತ್ತಿಗೆ ಸಿಗಲಿಲ್ಲ. ಕಾಲಲ್ಲಿ ಅಥಣಿಯ ಚಪ್ಪಲಿ ಇತ್ತು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಾಗ ಬೆಳಗಾವಿ ಜಿಲ್ಲೆಯ ಹೆಸರೂ ಅದರಲ್ಲಿ ಸೇರಿತೆಂದು ಶಾಲೆಯಲ್ಲಿ ಭಾಷಣ ಮಾಡಿದವನು ನಾನೇ. ಅದೇ ಚಪ್ಪಲಿಯಿಂದ ಬಡಿದೆ. ಅಂದಿನಿಂದ ಆ ಚಪ್ಪಲಿ ಮಳೆಗೆ ನೆನೆಯುವುದಿಲ್ಲ, ಅಷ್ಟು ಎಣ್ಣೆ ಕುಡಿದಿದೆ.

ಎರಡೂ ಕಡೆ ಆಯಿಲ್ ಅಳತೆ ಸಮ ಇರಬೇಕು. ಮಗಳ ಕೆಮ್ಮಿನ ಔಷಧದ ಮುಚ್ಚಳದಿಂದ ಎಣಿಸುತ್ತ ಹಾಕುತ್ತಿದ್ದೆ. ಹತ್ತೊಂಬತ್ತಕ್ಕೆ ಅಜ್ಜ, “ಎಷ್ಟ ಆತು?” ಅಂದರು. ಎಣಿಕೆ ಮರೆತು ಹೋಯಿತು. ಕಡಿಮೆಯಾಗುವುದಕ್ಕಿಂತ ಜಾಸ್ತಿ ಲೇಸೆಂದು ಬಾಟಲಿ ಬಗ್ಗಿಸಿಬಿಟ್ಟೆ.

ಸಂಜೆ ಗಾಲಿ ಹಾಕಿ, ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿದೆ. ಬಗ್ಗಲೇ ಒಲ್ಲದು. ಒಳಗೆ ಗಾಳಿಗೆ ಜಾಗವಿಲ್ಲದಷ್ಟು ಎಣ್ಣೆ! ಅಜ್ಜನನ್ನೂ ಶಿಷ್ಯರನ್ನೂ ಕರೆದು ಎಲ್ಲರೂ ಸೇರಿ ಒತ್ತಿದೆವು. ಪಿಚಕಾರಿ! ರಂಗಪಂಚಮಿಗೆ ಇನ್ನೂ ಮೂರು ತಿಂಗಳಿತ್ತು, ನನ್ನ ಮುಖಕ್ಕೆ ಮಾತ್ರ ಅಂದೇ ಬಂತು.

ಮರುದಿನ ಬೆಳಿಗ್ಗೆ ಹೆಂಡತಿ ಕರೆದಳು. “ರೀ, ಗಾಡ್ಯಾಗ ಏನ್ ಹಾಕೀರಿ, ಬೆಲ್ಲಾ?” ಬೇವಿನ ಗಿಡದಿಂದ ಹಗ್ಗದ ಮೇಲೆ ಹಾದು ಎಡಗಡೆಯ ಶಾಕಪ್ಪಿಗೆ ಇರುವೆಗಳ ದಿಂಡಿ ಹೊರಟಿತ್ತು. ಅವಳ ಬೆರಳಲ್ಲಿ ಒಂದು ತಾಮ್ರದ ವಾಯ್ಸರು. “ಇದು ಕಸಾ ಹೊಡಿಯೂ ಮುಂದ ಸಿಕ್ತು. ಯಾರ ಉಂಗರಾ?” ತಳದ ಬೋಲ್ಟಿಗೆ ಹಾಕಬೇಕಾದದ್ದು ಅದು. ಮೇಲಿನಿಂದಷ್ಟೇ ಸೋರುತ್ತಿದ್ದ ಶಾಕಪ್ ಈಗ ಕೆಳಗಿನಿಂದಲೂ ಸೋರುತ್ತಿತ್ತು.

ಚಿಕ್ಕೋಡಿಯ ಗ್ಯಾರೇಜಿನವರೆಲ್ಲ ನನ್ನ ಶಿಷ್ಯರೇ, ಮುಖ ತೋರಿಸುವಂತಿಲ್ಲ. ಎರಡೂ ಶಾಕಪ್ಪನ್ನು ಪೇಪರಿನಲ್ಲಿ ಸುತ್ತಿ ನಿಪ್ಪಾಣಿಯ ಬಸ್ಸು ಹತ್ತಿದೆ. “ಏನ್ರಿ ಇದು, ಬಂದೂಕೇನು?” ಅಂದ ಕಂಡಕ್ಟರ್. ಬಿಚ್ಚಿ ತೋರಿಸಿದೆ. ಬಾಜೂ ಕೂತ ಕಾಗವಾಡದ ಹಿರಿಯರೊಬ್ಬರು ತಾವು ಕಾರ್ಬೋರೇಟರ್ ಬಿಚ್ಚಿದ ಕಥೆ ತೆಗೆದರು. ಹಿಂದಿನ ಸೀಟಿನವರು ಮೋಟಾರ್ ಪಂಪಿನದು. ಬಸ್ಸಿನಲ್ಲಿ ನಾನೊಬ್ಬನೇ ಅಲ್ಲ ಎಂದು ತಿಳಿದು ಸ್ವಲ್ಪ ಮುಖ ಎತ್ತಿದೆ.

ನಿಪ್ಪಾಣಿಯ ಮಿಸ್ತ್ರಿ ಮಾತಿಲ್ಲದೆ ಬಿಚ್ಚಿದ. ಸೀಲು ತಿರುವಿ ನೋಡಿದ. ಕೊಳವೆಗೆ ಬೆರಳು ಹಾಕಿ ಏನೋ ಎಳೆದು, ಬೆಳಕಿಗೆ ಹಿಡಿದು, ಮೂಸಿದ.

“ಸರ್ರ, ಇದರಾಗ ಕಬ್ಬಿನ ಸಿಪ್ಪಿ ಐತಿ.”

“ಹೌದೇನು?” ಅಂದೆ.

“ಮಾಸ್ತರ್ ಕಂಡಂಗ ಕಾಣ್ತೀರಿ. ಏನ್ ಕಲಸ್ತೀರಿ ಸಾಲ್ಯಾಗ?”

ಎದುರಿನ ತಂಬಾಕಿನ ಅಂಗಡಿಯ ಬೋರ್ಡನ್ನು ಪೂರ್ತಿ ಓದಿ ಮುಗಿಸಿ ಹೇಳಿದೆ:

“ಇತಿಹಾಸ.”