ನೂರು ದಾಟಿದವರ ಕಾರು ಸವಾರಿ

ಕಾಲಿಗೆ ಬಿದ್ದವರನ್ನು ‘ನೂರ್ಕಾಲ ಬಾಳಪ್ಪ’ ಎಂದು ಹರಸುವುದು ನಮ್ಮ ಪದ್ಧತಿ. ಅದು ನಡೆಯುವ ಮಾತಲ್ಲ ಅಂತ ಹರಸುವವರಿಗೂ ಗೊತ್ತು, ಬಿದ್ದು ಎದ್ದವರಿಗೂ ಗೊತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಯಾರೂ ಯಾರ ಕಾಲಿಗೂ ಬೀಳದೆ, ಒಂದು ಚಮಚ ಚ್ಯವನಪ್ರಾಶವನ್ನೂ ನೆಕ್ಕದೆ, ಸಾವಿರಾರು ಜನ ನೂರು ದಾಟಿಬಿಟ್ಟಿದ್ದರು. ಅವರು ಮಾಡಿದ್ದಿಷ್ಟೆ: ಕಾರಿನ ಕನ್ನಡಿಗೊಂದು ನೀಲಿ ಕಾರ್ಡು ತೂಗುಹಾಕಿದ್ದು.

ನಾನು ಹುಟ್ಟಿಸಿಕೊಂಡು ಹೇಳುತ್ತಿಲ್ಲ. 2017ರ ಏಪ್ರಿಲ್‌ನಲ್ಲಿ ಅಲ್ಲಿನ ರಾಜ್ಯ ಲೆಕ್ಕಪರಿಶೋಧಕರು ಮೋಟಾರು ವಾಹನ ಇಲಾಖೆಯ, ಅಂದರೆ ಎಲ್ಲರ ಬಾಯಲ್ಲೂ ಓಡಾಡುವ ಡಿಎಂವಿಯ, ಕಡತ ಬಿಚ್ಚಿ ಕೂತರು. ಅಂಗವಿಕಲರ ಪಾರ್ಕಿಂಗ್ ಪ್ಲಕಾರ್ಡು, ಅದೇ ಆ ಕನ್ನಡಿಯ ಕಾರ್ಡು, ಇಟ್ಟುಕೊಂಡವರಲ್ಲಿ ನೂರು ವರ್ಷ ತುಂಬಿದವರೇ 26,000ದ ಹತ್ತಿರ ಇದ್ದರು. ಇಡೀ ರಾಜ್ಯದಲ್ಲಿ ಶತಾಯುಷಿಗಳು ಎಷ್ಟಿದ್ದಾರೆ ಅಂತ ನೋಡಿದರೆ, ಅಂದಾಜು 8,000! ಉಳಿದವರು ಎಲ್ಲಿಂದ ಬಂದರು? ಎಲ್ಲಿಂದಲೂ ಬರಲಿಲ್ಲ, ಹೋದವರು ಅವರು. ಸಾಮಾಜಿಕ ಭದ್ರತಾ ಇಲಾಖೆಯ ಮರಣಪಟ್ಟಿಯ ಜೊತೆ ತಾಳೆ ಹಾಕಿದಾಗ, ಕಾರ್ಡು ಚಾಲ್ತಿಯಲ್ಲಿರುವವರ ಪೈಕಿ 35,000ದ ಹತ್ತಿರ ಹತ್ತಿರ ಜನ ಬಹುಶಃ ತೀರಿಕೊಂಡವರು ಎಂದು ಗೊತ್ತಾಯಿತು. ನಮ್ಮ ಪಿತೃಗಳು ಪಕ್ಷ ಮಾಸದಲ್ಲಿ ಒಂದು ಮಧ್ಯಾಹ್ನ ಕಾಗೆಯಾಗಿ ಬಂದು ಎಡೆ ಮುಟ್ಟಿ ಹಾರಿಹೋಗುತ್ತಾರೆ. ಕ್ಯಾಲಿಫೋರ್ನಿಯಾದ ಪಿತೃಗಳು ವರ್ಷವಿಡೀ ಕಾರಿನಲ್ಲಿ ತಿರುಗುತ್ತಿದ್ದರು, ಅದೂ ಪಾರ್ಕಿಂಗ್‌ಗೆ ಕಾಸು ಕೊಡದೆ.

ತಪ್ಪು ಪಿತೃಗಳದ್ದಲ್ಲ. ನೀಲಿ ಕಾರ್ಡಿನ ಅವಧಿ ಬೆಸ ವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ಮುಗಿಯುವ ಹೊತ್ತಿಗೆ ಇಲಾಖೆಯೇ ಪ್ರೀತಿಯಿಂದ ಹೊಸದೊಂದನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ‘ಸ್ವಾಮಿ, ಇದ್ದೀರಾ?’ ಅಂತ ಒಂದು ಮಾತು ಕೇಳುತ್ತಿರಲಿಲ್ಲ. ಮೊಮ್ಮಗ ಲಕೋಟೆ ಒಡೆದು, ತಾತನ ಫೋಟೋಗೊಂದು ನಮಸ್ಕಾರ ಹಾಕಿ, ಕಾರ್ಡನ್ನು ಕಾರಿಗೆ ಹಾಕಿಕೊಳ್ಳುತ್ತಿದ್ದ. ಕಾರ್ಡು ಕಳೆದುಹೋಯಿತು ಎಂದರೆ ಇನ್ನೊಂದು, ಅದೂ ಕಳೆಯಿತು ಎಂದರೆ ಮತ್ತೊಂದು. ಅಷ್ಟು ಸಲ ಕಳೆದುಕೊಳ್ಳುವವರಿಗೆ ಕಾಲಿಗಿಂತ ಮರೆವಿಗೇ ಔಷಧ ಬೇಕಿತ್ತು.

ಇಷ್ಟಕ್ಕೂ ಆ ರಟ್ಟಿನ ತುಂಡಿನಲ್ಲಿ ಏನಿದೆ ಅಂತೀರಾ? ಮಗಳ ಮನೆ ಅಂತ ಆರು ತಿಂಗಳು ಅಲ್ಲಿಗೆ ಹೋಗಿ ಕೂರುವ ನಮ್ಮಂಥವರಿಗೆ ಕಾರು ಓಡಿಸುವ ಕೆಲಸ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಊರ ಉಸಾಬರಿ ಮಾಡಲು ಬೇಕಾದಷ್ಟು ಪುರಸೊತ್ತು. ಹಾಗೆ ಕಂಡುಕೊಂಡ ಸತ್ಯ ಇದು. ಪ್ಲಕಾರ್ಡು ಎರಡು ಬಣ್ಣ. ಕಾಲು ಮುರಿದುಕೊಂಡವರಿಗೆ ಕೆಂಪು. ಹೆಚ್ಚೆಂದರೆ 180 ದಿನ, ಆರು ಡಾಲರ್ ಶುಲ್ಕ. ಕಾಯಂ ತೊಂದರೆಯವರಿಗೆ ನೀಲಿ. ಅದಕ್ಕೆ ಕಾಸೇ ಇಲ್ಲ. ಗಾಲಿಕುರ್ಚಿಯ ಚಿತ್ರ ಬರೆದ ಜಾಗದಲ್ಲಿ ನಿಲ್ಲಿಸಬಹುದು, ಅದು ಸರಿ. ಅದರ ಜೊತೆಗೆ, ಬೀದಿಬದಿಯ ಯಾವ ಮೀಟರಿನ ಮುಂದೆ ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಪುಕ್ಕಟೆ. ಹತ್ತು ಇಪ್ಪತ್ತು ನಿಮಿಷಕ್ಕೆ ಎದ್ದುಹೋಗಬೇಕಾದ ಹಸಿರು ಅಂಚಿನ ಜಾಗದಲ್ಲಿ ದಿನವಿಡೀ ಬಿಡಾರ. ಸ್ಯಾನ್ ಫ್ರಾನ್ಸಿಸ್ಕೋದಂಥ ಊರಿನ ನಡುಮಧ್ಯದಲ್ಲಿ ಕಾರು ನಿಲ್ಲಿಸಿದವರಿಗೆ ಮಾತ್ರ ಗೊತ್ತು, ಇದು ರಟ್ಟಲ್ಲ, ಜಹಗೀರು.

ಜಹಗೀರು ಪಡೆಯಲು ಒಂದು ಅರ್ಜಿ, ಅದರಲ್ಲಿ ವೈದ್ಯರ ಸಹಿ. ಒಂದು ಕಾಲನ್ನೋ ಎರಡೂ ಕೈಗಳನ್ನೋ ಕಳೆದುಕೊಂಡವರು ಕಚೇರಿಗೆ ಖುದ್ದಾಗಿ ಬಂದರೆ ಸಹಿಯೂ ಬೇಡ. ಸರ್ಕಾರಕ್ಕೂ ಕಣ್ಣಿದೆ ಅಂತ ಒಪ್ಪಿಕೊಂಡ ಅಪರೂಪದ ಕಾನೂನು ಇದು. ಉಳಿದವರು ಸಹಿ ತರಬೇಕು. 1999ರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದವರು ಅದನ್ನೂ ತಂದುಕೊಟ್ಟಿದ್ದರು. ಹಾಲಿ, ಮಾಜಿ ಸೇರಿ 19 ಆಟಗಾರರ ಮೇಲೆ ಕೇಸು ಬಿತ್ತು. ಅಮೆರಿಕದ ಫುಟ್‌ಬಾಲ್ ಅಂದರೆ ಗೊತ್ತಲ್ಲ, ಒಬ್ಬೊಬ್ಬನೂ ಗರಡಿಮನೆಯ ಗದೆ ಇದ್ದ ಹಾಗೆ. ಶನಿವಾರ ಮೈದಾನದಲ್ಲಿ ಚೆಂಡು ಅಪ್ಪಿಕೊಂಡು ಜಿಂಕೆ ಓಡಿದ ಹಾಗೆ ಓಡುವವನಿಗೆ, ಸೋಮವಾರ ಕಾರಿನಿಂದ ಕ್ಲಾಸಿನವರೆಗೆ ನಡೆಯಲಾರದ ರೋಗ. ಸುಳ್ಳು ಕಾಯಿಲೆ, ಸುಳ್ಳು ವೈದ್ಯರ ಸಹಿ. ಆಮೇಲೆ ಕೋರ್ಟು, ದಂಡ, ಸಮುದಾಯ ಸೇವೆ ಎಲ್ಲ ಆಯಿತು. ಸೇವೆ ಮಾಡುವ ಜಾಗಕ್ಕೆ ಹೋದಾಗ ಕಾರು ಎಲ್ಲಿ ನಿಲ್ಲಿಸಿದರೋ, ಅದು ನನಗಿರುವ ಕುತೂಹಲ.

ನಮ್ಮವರ ಸುದ್ದಿ ಬಿಟ್ಟು ಬರೀ ಅವರದ್ದೇ ಹೇಳಿದರೆ ಪಕ್ಷಪಾತವಾದೀತು. ಬೇ ಏರಿಯಾದಲ್ಲಿ ನಮ್ಮ ದೂರದ ಸಂಬಂಧದ ಹುಡುಗನೊಬ್ಬನಿದ್ದಾನೆ. ಹುಡುಗ ಅಂದರೆ ಐವತ್ತರ ಹತ್ತಿರ. ಅಲ್ಲಿ ಟೀ ಷರ್ಟು ಹಾಕಿಕೊಂಡವರೆಲ್ಲ ಹುಡುಗರೇ. ಗ್ರೀನ್ ಕಾರ್ಡು ಮಾಡಿಸಿ ಮಾವನವರನ್ನು ಕರೆಸಿಕೊಂಡ, ಮಂಡಿ ನೋವಿಗೆ ನೀಲಿ ಕಾರ್ಡೂ ಮಾಡಿಸಿದ. ಎರಡೂ ನ್ಯಾಯವಾಗಿಯೇ. ಮಾವನವರಿಗೆ ಅಲ್ಲಿ ಮಾತಾಡಲು ಜನ ಸಿಗಲಿಲ್ಲ, ಗಂಟು ಕಟ್ಟಿಕೊಂಡು ಮೈಸೂರಿಗೆ ವಾಪಸು ಬಂದರು. ಕಾರ್ಡು ಅಲ್ಲೇ ಉಳಿಯಿತು. ಒಂದು ದಿನ ಅವನ ಕಾರಿನಲ್ಲಿ ಪೇಟೆಗೆ ಹೋದಾಗ ಅದು ಕೈಪೆಟ್ಟಿಗೆಯಿಂದ ಹೊರಬಂದು ಕನ್ನಡಿಗೇರಿತು.

‘ಇದು ಮಾವನವರದಲ್ಲವೇನೋ?’

‘ಹೌದು ಅಂಕಲ್. ಪಾಪ, ತುಂಬಾ ಮಂಡಿ ನೋವು.’

‘ಅವರೀಗ ಕುವೆಂಪುನಗರದಲ್ಲಿದ್ದಾರಲ್ಲ?’

‘ಹೂಂ, ಅಲ್ಲೂ ನೋವಿದೆಯಂತೆ.’

ಕಾರ್ಡಿನ ಒಡೆಯರು ಕಾರಿನಲ್ಲೋ ಅವರನ್ನು ಬಿಡುವ, ಕರೆತರುವ ಕೆಲಸದಲ್ಲೋ ಇರಬೇಕು ಎಂಬುದು ಕಾನೂನು. ಇಲ್ಲದಿದ್ದರೆ 250ರಿಂದ 1,000 ಡಾಲರ್ ದಂಡ. ಡಿಎಂವಿಯ ತನಿಖಾಧಿಕಾರಿಗಳು ಮಾಲ್, ಜಾತ್ರೆ, ಸ್ಟೇಡಿಯಂಗಳ ಮುಂದೆ ಕಾದು ನಿಂತು ಹಿಡಿಯುವುದೂ ಉಂಟು. ಇಪ್ಪತ್ತರ ಹುಡುಗ ಇಳಿದಾಗ ಕಾರ್ಡಿನ ಜೊತೆಗಿನ ಗುರುತುಚೀಟಿ ಕೇಳುತ್ತಾರೆ. ಅದರಲ್ಲಿ 1931ರಲ್ಲಿ ಹುಟ್ಟಿದ ಅಜ್ಜಿ! ಅಜ್ಜಿ ಎಲ್ಲಪ್ಪಾ ಎಂದರೆ ಅಂಗಡಿ ಒಳಗಿದ್ದಾರೆ ಅನ್ನುತ್ತಾನೆ. ಕರೆದುಕೊಂಡು ಬಾ ಅಂದರೆ ಅಲ್ಲಿಗೆ ಕಥೆ ಮುಗಿಯಿತು. ಇದನ್ನೆಲ್ಲ ಹೇಳಿದರೆ ನಮ್ಮ ಹುಡುಗ ಮುಖ ಗಂಭೀರ ಮಾಡಿಕೊಂಡ. ‘ನಾನು ವೀಲ್‌ಚೇರ್ ಜಾಗದಲ್ಲಿ ನಿಲ್ಲಿಸೋದೇ ಇಲ್ಲ ಅಂಕಲ್, ಅದು ಪಾಪದ ಕೆಲಸ. ಬರೀ ಮೀಟರಿಗೆ ಬಳಸ್ತೀನಿ.’

ಎಂಥ ಧರ್ಮಸೂಕ್ಷ್ಮ ನೋಡಿ! ಆದರೆ ಅವನಿಗೇ ಗೊತ್ತಿಲ್ಲದೆ ಇಡೀ ರೋಗದ ಬೇರು ಹೇಳಿಬಿಟ್ಟಿದ್ದ. ಜನ ಕದಿಯುವುದು ಆ ನೀಲಿ ಜಾಗವನ್ನಲ್ಲ, ಮೀಟರಿನ ಕಾಸನ್ನು. ಇದನ್ನು ವರ್ಷಗಟ್ಟಲೆ ಗಂಟಲು ಹರಿಯುವಂತೆ ಹೇಳಿದವರು ಡೊನಾಲ್ಡ್ ಶೂಪ್. ಪುಕ್ಕಟೆ ಪಾರ್ಕಿಂಗ್ ಎಷ್ಟು ದುಬಾರಿ ಅಂತ 2005ರಲ್ಲಿ ಇಟ್ಟಿಗೆ ಗಾತ್ರದ ಪುಸ್ತಕ ಬರೆದ ಪುಣ್ಯಾತ್ಮ. ಮೇಷ್ಟ್ರಾಗಿದ್ದದ್ದು ಎಲ್ಲಿ ಅಂತೀರಿ? ಅದೇ ಯುಸಿಎಲ್‌ಎಯಲ್ಲಿ! ಕಾರ್ಡು ತೋರಿಸಿದವರಿಗೆ ಮೀಟರು ಮಾಫಿ ಮಾಡಿದರೆ ಕಳ್ಳತನಕ್ಕೆ ನೀವೇ ಸಂಬಳ ಕೊಟ್ಟ ಹಾಗೆ ಎಂಬುದು ಅವರ ವಾದದ ತಿರುಳು. ಮೀಟರಿಗೆ ಕಾಸು ಹಾಕಲು ಕೈಯೇ ಆಡದವರಿಗೆ ಮಾಫಿ ಇರಲಿ, ನಡೆಯಲು ಕಷ್ಟ ಇರುವವರಿಗೆ ಹತ್ತಿರದ ಜಾಗ ಇರಲಿ. ಎರಡನ್ನೂ ಒಂದೇ ರಟ್ಟಿಗೆ ಯಾಕೆ ಅಂಟಿಸುತ್ತೀರಿ?

ಮಿಷಿಗನ್ ರಾಜ್ಯ 1995ರಲ್ಲೇ ಇದನ್ನು ಮಾಡಿ ನೋಡಿತು. ಮೊದಲು ಅಲ್ಲಿ ಐದು ಲಕ್ಷ ಕಾರ್ಡುಗಳಿದ್ದವು, ಎಲ್ಲಕ್ಕೂ ಮೀಟರು ಮಾಫಿ. ಮೀಟರು ತಿರುಗಿಸಲು ಆಗದಷ್ಟು ತೊಂದರೆ ಇದ್ದವರು ಬೇರೆ ಅರ್ಜಿ ಹಾಕಿ, ಮಾಫಿ ಕೊಡುತ್ತೇವೆ ಎಂದ ಕೂಡಲೇ ಬಂದವರು ಹತ್ತು ಸಾವಿರ. ಇಲಿನಾಯ್ 2014ರಿಂದ ಅದೇ ದಾರಿ ಹಿಡಿಯಿತು. ಆರೆಗಾನಿನ ಪೋರ್ಟ್‌ಲ್ಯಾಂಡ್ ನಗರ ಅದೇ ವರ್ಷ ‘ಕಾರ್ಡಿದ್ದರೂ ಕಾಸು ಹಾಕಿ’ ಅಂದಿತು. ಎಣಿಸಿ ನೋಡಿದರೆ, ಪೇಟೆಯ ಮೀಟರುಗಳ ಮುಂದೆ ನಿಂತಿದ್ದ ಕಾರ್ಡುಕಾರುಗಳು ಹಿಂದಿನ ವರ್ಷದ 1,033ರಿಂದ 274ಕ್ಕೆ ಇಳಿದಿದ್ದವು. ಏಳುನೂರೈವತ್ತಕ್ಕೂ ಹೆಚ್ಚು ಜನ ಒಂದೇ ವರ್ಷದಲ್ಲಿ ಗುಣಮುಖ! ಧರ್ಮಸ್ಥಳ, ತಿರುಪತಿಗಳಲ್ಲೂ ಒಟ್ಟೊಟ್ಟಿಗೆ ಇಷ್ಟು ಪವಾಡ ನಡೆದದ್ದು ನಾನು ಕೇಳಿಲ್ಲ.

ಕ್ಯಾಲಿಫೋರ್ನಿಯಾ ಮಾತ್ರ ಮೀಟರಿನ ಮಾಫಿಯನ್ನು ಮುಟ್ಟಲಿಲ್ಲ. ಕೈ ಹಾಕಿದ್ದು ಕಾಗದಪತ್ರಕ್ಕೆ. ಲೆಕ್ಕಪರಿಶೋಧಕರ ವರದಿಯ ಬೆನ್ನಿಗೇ ಕಾಯಿದೆ ಬಂತು. ಅರ್ಜಿಯ ಜೊತೆ ಹೆಸರು, ಜನ್ಮದಿನಕ್ಕೆ ಪುರಾವೆ ಬೇಕು. ಎರಡು ವರ್ಷದೊಳಗೆ ನಾಲ್ಕು ಸಲ ಕಳೆದುಕೊಂಡರೆ ಆಯಿತು, ಐದನೆಯದಕ್ಕೆ ಮತ್ತೆ ವೈದ್ಯರ ಸಹಿ. ಮರಣಪಟ್ಟಿಯ ಜೊತೆ ತಾಳೆ ನೋಡಬೇಕು. ಆರು ವರ್ಷಕ್ಕೊಮ್ಮೆ ಒಡೆಯರೇ ಸಹಿ ಹಾಕಿ ‘ಇನ್ನೂ ಬೇಕು’ ಎನ್ನಬೇಕು. ಪಿಂಚಣಿಗೆ ನಮ್ಮಲ್ಲಿ ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಂತು ‘ಬದುಕಿದ್ದೇನೆ’ ಅಂತ ಬರೆದುಕೊಡುವ ನನಗೆ, ಅಷ್ಟು ದೊಡ್ಡ ರಾಜ್ಯಕ್ಕೆ ಈ ಉಪಾಯ 2017ರವರೆಗೂ ಹೊಳೆಯಲಿಲ್ಲವಲ್ಲ ಅಂತ ನಗು ಬಂತು.

ಇನ್ನೊಂದು ಬಗೆಯ ಜನರಿದ್ದಾರೆ, ಅವರನ್ನು ಕಂಡರೆ ನಗು ಬರುವುದಿಲ್ಲ. ಕಾಲು ನೋಡುವ ಪತ್ತೇದಾರರು. ನೀಲಿ ಜಾಗದಲ್ಲಿ ಯಾರಾದರೂ ಇಳಿದರೆ ಸಾಕು, ಕುಂಟುತ್ತಾರೋ ಇಲ್ಲವೋ ಅಂತ ಕಣ್ಣಲ್ಲೇ ಅಳೆಯುತ್ತಾರೆ. ಕುಂಟಲಿಲ್ಲವೋ, ಗಾಜಿನ ಮೇಲೆ ಚೀಟಿ: ‘ನಾಚಿಕೆಯಾಗಬೇಕು.’ ನಮ್ಮ ಬಳಗದ ಒಬ್ಬ ಹೆಂಗಸಿಗೆ ಶ್ವಾಸಕೋಶದ ಕಾಯಿಲೆ. ವಯಸ್ಸು ಮೂವತ್ತೈದರ ಆಸುಪಾಸು, ನೋಡಲು ಲಕ್ಷಣವಾಗಿದ್ದಾಳೆ, ಇಪ್ಪತ್ತು ಹೆಜ್ಜೆ ಚೆನ್ನಾಗಿಯೇ ನಡೆಯುತ್ತಾಳೆ. ಇಪ್ಪತ್ತೊಂದನೆಯದಕ್ಕೆ ತಳ್ಳುಗಾಡಿ ಹಿಡಿದು ನಿಂತು ಮೊಬೈಲ್ ನೋಡುವ ಹಾಗೆ ನಟಿಸುತ್ತಾಳೆ. ನಿಜಕ್ಕೂ ಉಸಿರು ಹುಡುಕುತ್ತಿರುತ್ತಾಳೆ. ಅವಳ ಗಾಜಿನ ಮೇಲೂ ಚೀಟಿ ಬಿದ್ದಿದೆ. ಹೃದ್ರೋಗ, ಶ್ವಾಸಕೋಶದ ರೋಗ ಇವೆಲ್ಲ ಅರ್ಹತೆಯ ಪಟ್ಟಿಯಲ್ಲೇ ಇವೆ, ಕಾಲಿನಲ್ಲಿ ಹುಡುಕಿದರೆ ಕಾಣುವುದಿಲ್ಲ. ಇಂಗ್ಲೆಂಡಿನವರು 2019ರ ಆಗಸ್ಟ್‌ನಲ್ಲಿ ಇಂಥದೇ ಕಾರ್ಡಾದ ತಮ್ಮ ಬ್ಲೂ ಬ್ಯಾಡ್ಜನ್ನು ಕಣ್ಣಿಗೆ ಕಾಣದ ತೊಂದರೆಗಳಿಗೂ ವಿಸ್ತರಿಸಿದರು. ಕಳ್ಳ ಮೊಮ್ಮಗ ಈ ಪತ್ತೇದಾರರ ಕೈಗೆ ಸಿಗುವುದಿಲ್ಲ. ಅವನು ಇಳಿಯುವಾಗ ನಾಲ್ಕು ಹೆಜ್ಜೆ ಅಚ್ಚುಕಟ್ಟಾಗಿ ಕುಂಟುತ್ತಾನೆ.

ಆ ನೀಲಿ ಜಾಗದ ಪಕ್ಕದಲ್ಲಿ ಓರೆ ಪಟ್ಟೆ ಎಳೆದ ಐದಡಿ ಖಾಲಿ ನೆಲ ಇರುತ್ತದೆ, ವ್ಯಾನಿಗಾದರೆ ಎಂಟಡಿ. ಕಾರ್ಡಿದ್ದವರೂ ಅಲ್ಲಿ ನಿಲ್ಲಿಸುವಂತಿಲ್ಲ. ಯಾಕೆ ಅಂತ ನನಗೆ ತಿಳಿದದ್ದು ಒಂದು ಸೂಪರ್ ಮಾರ್ಕೆಟ್ಟಿನ ಮುಂದೆ. ವ್ಯಾನಿನ ಪಕ್ಕದ ಬಾಗಿಲು ತೆರೆದು ಕಬ್ಬಿಣದ ಹಲಗೆಯೊಂದು ಮಡಿಕೆ ಬಿಚ್ಚುತ್ತ ನೆಲಕ್ಕೆ ಬರುತ್ತದೆ, ಅದರ ಮೇಲೆ ಗಾಲಿಕುರ್ಚಿ ಇಳಿದು, ತಿರುಗಲು ಜಾಗ ಬೇಕು. ಹಾಗೆ ಇಳಿದು ಒಳಗೆ ಹೋಗಿದ್ದ ಮುದುಕರು ಹಾಲು, ಬ್ರೆಡ್ಡು ಮಡಿಲಲ್ಲಿಟ್ಟುಕೊಂಡು ಬರುವಷ್ಟರಲ್ಲಿ ಪಟ್ಟೆಯ ಮೇಲೆ ಯಾರದೋ ಕಾರು. ಹಲಗೆ ಬಿಚ್ಚುವುದಕ್ಕೇ ಇಲ್ಲ. ಮುದುಕರು ಬಿಸಿಲಲ್ಲಿ ಕಾದರು. ಇಪ್ಪತ್ತು ನಿಮಿಷ ಕಳೆದು ಬಂದ ಕಾರಿನವನು, ‘ಒಂದೇ ನಿಮಿಷ ಅಂತ ಹೋಗಿದ್ದೆ’ ಎಂದ. ಅವನ ಕನ್ನಡಿಯಲ್ಲೂ ನೀಲಿ ಕಾರ್ಡು ತೂಗುತ್ತಿತ್ತು.

ಆ ಗಾಲಿಕುರ್ಚಿಯ ಚಿತ್ರಕ್ಕೂ ಒಂದು ಕಥೆಯಿದೆ. 1968ರಲ್ಲಿ ಸುಸಾನೆ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಬರೆದಾಗ ಅದು ಬರೀ ಕುರ್ಚಿ. ಮನುಷ್ಯ ಅಂತ ಗೊತ್ತಾಗಲಿ ಎಂದು ಆಮೇಲೆ ಕಾರ್ಲ್ ಮೊಂಟಾನ್ ಎಂಬುವರು ಒಂದು ಸೊನ್ನೆ ಸುತ್ತಿ ತಲೆ ಇಟ್ಟರು. ಚಿತ್ರಕ್ಕೇನೋ ತಲೆ ಬಂತು, ಅದರ ಮೇಲೆ ಕಾರು ನಿಲ್ಲಿಸುವವರಿಗೆ ಇಡಲು ಇನ್ನೂ ಯಾರಿಂದಲೂ ಆಗಿಲ್ಲ.

ಬೆಂಗಳೂರಿನಲ್ಲಿ ಈ ಕಾರ್ಡಿನ ತಕರಾರೇ ಇಲ್ಲ ಬಿಡಿ. ಕನ್ನಡಿಗೆ ಕಾರ್ಡು ತೂಗುಹಾಕುವ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟಿಲ್ಲ. ಕಾಯಿದೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 91ನೇ ಕಲಮಿನಂತೆ, ಅವರಿಗೆಂದಿಟ್ಟ ಸವಲತ್ತನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಮಾಲಿನ ಬೇಸ್‌ಮೆಂಟಿನಲ್ಲಿ ಸುಪ್ರೀಂ ಕೋರ್ಟು ಎಂದರೆ ಸೀಟಿ ಊದುವ ಸೆಕ್ಯುರಿಟಿ. ಲಿಫ್ಟಿನ ಪಕ್ಕ ಗಾಲಿಕುರ್ಚಿಯ ಚಿತ್ರ, ಅದರ ಮೇಲೊಂದು ಕೇಸರಿ ಕೋನ್. ಮೊನ್ನೆ ಅಲ್ಲಿಗೊಂದು ಭಾರಿ ಎಸ್‌ಯುವಿ ಬಂತು. ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು. ‘ಸಾರ್, ಬೇಗ ಬರ್ತೀರಲ್ಲ?’ ಅಂತ ಸೆಕ್ಯುರಿಟಿ ಕೋನ್ ಎತ್ತಿಟ್ಟ. ಹಿಂದೆಯೇ ಪಕ್ಕಕ್ಕೆರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಒಬ್ಬಾತ ಬಂದ, ಊರುಗೋಲನ್ನು ಮುಂದೆ ಅಡ್ಡ ಇಟ್ಟುಕೊಂಡು. ಅದೇ ಚಿತ್ರದ ಕಡೆ ಕೈ ತೋರಿಸಿದ. ಸೆಕ್ಯುರಿಟಿ ಸೀಟಿ ಬಾಯಿಂದ ತೆಗೆದು ವಿನಯವಾಗಿಯೇ ಹೇಳಿದ:

‘ಅದು ಕಾರಿಗೆ ಸಾರ್. ಟೂ ವೀಲರ್ ಎಲ್ಲಾ ಕೆಳಗಡೆ, ಬೇಸ್‌ಮೆಂಟ್ ಮೂರು. ಅಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲು ಹತ್ಕೊಂಡು ಬಂದ್ಬಿಡಿ.’