ಖಾಲಿಯಾಗದ ಕುರ್ಚಿ: ಒಂದು ಶಾಸ್ತ್ರೀಯ ವಿವೇಚನೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚುನಾವಣಾ ಆಯೋಗಕ್ಕೆ ಆರು ಸದಸ್ಯರು: ರಿಪಬ್ಲಿಕನ್ನರು ಮೂವರು, ಡೆಮಾಕ್ರಟರು ಮೂವರು. ಆಡಳಿತಾಧಿಕಾರಿಯನ್ನು ಆಯೋಗ ನೇಮಿಸಬೇಕು, ರಾಜ್ಯದ ಸೆನೆಟ್ ಒಪ್ಪಬೇಕು. ಒಪ್ಪಿಗೆ ಸಿಕ್ಕವರ ಕುರ್ಚಿ ಭದ್ರವೆಂಬುದು ಪಾಮರರ ನಂಬಿಕೆ. ಸಿದ್ಧಾಂತ ಬೇರೆಯೇ ಇದೆ: ಒಪ್ಪಿಗೆಗೆ ಯಾರ ಹೆಸರು ಹೋಗುವುದಿಲ್ಲವೋ ಅವರ ಕುರ್ಚಿಯೇ ಭದ್ರ. ಪ್ರಮಾಣಕ್ಕೆ ಬರೋಣ. 2018ರಲ್ಲಿ ಆಡಳಿತಾಧಿಕಾರಿ ಮೈಕೆಲ್ ಹಾಸ್ ಹೆಸರು ಸೆನೆಟ್‌ಗೆ ಹೋಯಿತು, ಕೆಲಸವೂ ಹೋಯಿತು. ಮರುವರ್ಷ ಮೇಗನ್ ವುಲ್ಫ್ ಅವರನ್ನು ಅದೇ ಸೆನೆಟ್ ಸರ್ವಾನುಮತದಿಂದ ಒಪ್ಪಿತು. 2020ರಲ್ಲಿ ಆ ರಾಜ್ಯದಲ್ಲಿ ಟ್ರಂಪ್ ಸೋತದ್ದೇ ತಡ, ಸರ್ವಾನುಮತದ ಅಧಿಕಾರಿ ಸೆನೆಟ್‌ನ ರಿಪಬ್ಲಿಕನ್ ಬಹುಮತದ ಕಣ್ಣಿಗೆ ಕಸವಾದರು. 2023ರ ಜೂನ್‌ನಲ್ಲಿ ಅವರ ಅವಧಿ ಮುಗಿಯುವಾಗ ಮರುನೇಮಕಕ್ಕೆ ನಾಲ್ಕು ಮತ ಬೇಕಿತ್ತು. ರಿಪಬ್ಲಿಕನ್ ಸದಸ್ಯರು ಮೂವರೂ ಪರವಾಗಿ ಮತ ಹಾಕಿದರು. ಆಕೆ ಉಳಿಯಲೇಬೇಕೆಂದಿದ್ದ ಡೆಮಾಕ್ರಟರು ಮೂವರೂ ಬಾಯಿ ಮುಚ್ಚಿ ಕುಳಿತರು. ನಾಲ್ಕನೆಯ ಮತ ಬಿದ್ದರೆ ಹೆಸರು ಸೆನೆಟ್‌ಗೆ ಹೋಗುತ್ತದೆ. ಹೋದರೆ ಹಾಸ್ ಗತಿ. ಬೀಳಲಿಲ್ಲ, ಹೋಗಲಿಲ್ಲ, ಆಕೆ ಉಳಿದರು. ಕಳಿಸದ ಹೆಸರನ್ನು ಸೆನೆಟ್ ತಾನಾಗಿ ಎತ್ತಿಕೊಂಡು ಸೆಪ್ಟೆಂಬರ್‌ನಲ್ಲಿ 22–11ರಿಂದ ತಿರಸ್ಕರಿಸಿತು. ಆ ಮತ ಬರೀ ಸಾಂಕೇತಿಕವೆಂದು ಸೆನೆಟ್‌ನ ನಾಯಕರೇ ಮುಂದೆ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದನ್ನು ವಿದ್ವಾಂಸರು ಗಮನಿಸಬೇಕು. ಬಾಯಿ ಮುಚ್ಚಿ ಕುಳಿತವರಲ್ಲಿ ಒಬ್ಬರ ಹೆಸರು ಆಯೋಗದ ಸದಸ್ಯತ್ವದ ಒಪ್ಪಿಗೆಗಾಗಿ ಅಕ್ಟೋಬರ್‌ನಲ್ಲಿ ವಿಧಿವತ್ತಾಗಿ ಸೆನೆಟ್ ಮುಂದೆ ಬಂತು. ಅವರು ಬಿದ್ದರು. ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಯಾರು ತಂದಾರು?

ಇನ್ನು ಪೂರ್ವಪಕ್ಷ. ‘ಇದು ಶಾಸಕಾಂಗದ ಹಕ್ಕನ್ನು ಕಸಿದ ಕುತಂತ್ರ’ ಎನ್ನುವವರಿದ್ದಾರೆ. ಕುತಂತ್ರವೇ ಸರಿ, ಆದರೆ ಗುರುಗಳು ಯಾರು? ರಾಜ್ಯದ ನೈಸರ್ಗಿಕ ಸಂಪನ್ಮೂಲ ಮಂಡಳಿಯಲ್ಲಿ ಫ್ರೆಡ್ ಪ್ರೆನ್ ಎಂಬ ದಂತವೈದ್ಯರಿದ್ದರು. 2021ರ ಮೇಯಲ್ಲಿ ಅವಧಿ ಮುಗಿದರೂ ಈ ಹಲ್ಲು ಅಲುಗಲಿಲ್ಲ. ಡೆಮಾಕ್ರಟ್ ಗವರ್ನರ್ ನೇಮಿಸಿದ ಉತ್ತರಾಧಿಕಾರಿಯ ಹೆಸರನ್ನು ಸೆನೆಟ್‌ನ ರಿಪಬ್ಲಿಕನ್ ಬಹುಮತ ಮತಕ್ಕೇ ಹಾಕಲಿಲ್ಲ. ಅವಧಿ ಮುಗಿದ ಮಾತ್ರಕ್ಕೆ ಕುರ್ಚಿ ಖಾಲಿಯಾಗದೆಂದು 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4–3ರಿಂದ ಹೇಳಿದಾಗ ರಿಪಬ್ಲಿಕನ್ನರಿಗೆ ಗೆಲುವು. ಡೆಮಾಕ್ರಟರು ಅದೇ ಪಾಠವನ್ನು ಒಪ್ಪಿಸಿದರು, ಅಷ್ಟೇ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಹಾಗಾದರೆ ಆಡಳಿತಾಧಿಕಾರಿಗೆ ನಾಲ್ಕು ವರ್ಷದ ಅವಧಿ ಎಂದು ಕಾನೂನಿನಲ್ಲಿ ಬರೆದದ್ದೇಕೆ? ಉತ್ತರ: ಅದು ಗರಿಷ್ಠವಲ್ಲ, ಕನಿಷ್ಠ. 2025ರ ಫೆಬ್ರುವರಿಯಲ್ಲಿ ಅದೇ ಕೋರ್ಟ್, ಈ ಬಾರಿ 7–0ರಿಂದ, ವುಲ್ಫ್ ಅವರ ಹುದ್ದೆ ಖಾಲಿಯೇ ಆಗಿಲ್ಲವಾದ್ದರಿಂದ ಆಯೋಗ ಹೊಸಬರನ್ನು ನೇಮಿಸಬೇಕಿಲ್ಲ ಎಂದಿತು. ಆದ್ದರಿಂದ ಆ ರಾಜ್ಯದಲ್ಲಿ ಹುದ್ದೆ ಹಿಡಿದವರಿಗೆ ಈ ಪ್ರಬಂಧಕಾರನ ಕಿವಿಮಾತು: ಅವಧಿ ಮುಗಿಯುವ ತಿಂಗಳಲ್ಲಿ ನಿಮ್ಮ ಹಿತೈಷಿಗಳ ಮನೆಗೆ ಹೋಗಿ, ದಯವಿಟ್ಟು ನನಗೆ ಮತ ಹಾಕಬೇಡಿರೆಂದು ಕೈಮುಗಿದು ಕೇಳಿಕೊಳ್ಳಿ.