ಅರ್ಧಗಗನಚುಂಬಿ ಮೀಮಾಂಸೆ: ಬ್ಯಾಂಕಾಕಿನ ಭೂತಗೋಪುರವನ್ನು ಹೊರಗಿನಿಂದಲೇ ಒಳಹೊಕ್ಕು ನೋಡಿದ್ದು

ಯಾವ ಶಾಸ್ತ್ರವನ್ನೇ ಹಿಡಿಯಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ, ಬ್ಯಾಂಕಾಕಿನಲ್ಲಿ ಕಟ್ಟುತ್ತ ಕಟ್ಟುತ್ತ ನಿಂತುಹೋದ ಸಾಥೋನ್ ಯೂನಿಕ್ ಎಂಬ ಕಟ್ಟಡ. ಸಂಬಂಧ, ಅಕ್ಕನ ಗಂಡ. ಅಂದರೆ ನಮ್ಮ ಭಾವ. ಹಾಸನದ ಕಡೆ ಮನೆ ಕಟ್ಟಿಸುವ ಕಂಟ್ರಾಕ್ಟರು. ನಾಲ್ಕು ರಾತ್ರಿ ಐದು ಹಗಲಿನ ಪ್ಯಾಕೇಜ್ ಟೂರಿನಲ್ಲಿ ನನ್ನ ಜೊತೆಗಿದ್ದರು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಒಮ್ಮೆಯಾದರೂ ಮನೆ ಕಟ್ಟಲು ಹೊರಟು ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ಏದುಸಿರು ಬಿಟ್ಟವನು. ಪ್ರಯೋಜನ ಇನ್ನೂ ಪತ್ತೆಯಾಗಿಲ್ಲ.

ಮೊದಲು ನಿರುಕ್ತ. ‘ಸಾಥೋನ್’ ಎಂದು ಥಾಯ್ ಜನ ಉಚ್ಚರಿಸುವ ಹೆಸರನ್ನು ಅವರ ಲಿಪಿಯಿಂದ ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡರೆ ನಮ್ಮ ಲಗ್ನಪತ್ರಿಕೆಯ ‘ಸಾದರ’ ಸಿಗುತ್ತದೆ. ಕಟ್ಟಡವಿರುವ ರಸ್ತೆ ಚರೋಯೆನ್ ಕ್ರುಂಗ್, ಎಂದರೆ ಏಳಿಗೆಯ ನಗರ. ಪಕ್ಕದಲ್ಲೇ ವಾಟ್ ಯಾನ್ನಾವಾ ದೇಗುಲ. ಯಾನ, ನಾವೆ ಎರಡೂ ನಮ್ಮವೇ. ಮೂರನೇ ರಾಮ ಎಂಬ ಅರಸ ಅಲ್ಲಿ ಚೀನೀ ಹಡಗಿನ ಆಕಾರದಲ್ಲಿ ಚೈತ್ಯ ಕಟ್ಟಿಸಿದ್ದಾನೆ. ಅನ್ವಯ ಹೀಗೆ: ಏಳಿಗೆಯ ಊರಿನ ಬೀದಿಯಲ್ಲಿ, ನಾವೆಯ ಮಗ್ಗುಲಲ್ಲೇ, ಸಾದರವಾಗಿ ಮುಳುಗಿದ್ದು. ಇಷ್ಟು ಸಲೀಸಾಗಿ ಅರ್ಥ ಬಿಟ್ಟುಕೊಡುವ ಶಾಸನ ನನಗೆ ಬೇರೆಲ್ಲೂ ದೊರೆತಿಲ್ಲ.

ಇನ್ನು ಇತಿಹಾಸ. 1990ರಲ್ಲಿ ಕೆಲಸ ಶುರು. ವಾಸ್ತುಶಿಲ್ಪಿ ರಂಗ್ಸನ್ ತೋರ್ಸುವಾನ್. ಅಂತಸ್ತು 49, 47 ಎಂಬ ಪಾಠಾಂತರವೂ ಉಂಟು. 1993ರಲ್ಲಿ ವಾಸ್ತುಶಿಲ್ಪಿಯ ಮೇಲೆ ಕೊಲೆಸಂಚಿನ ಆರೋಪ ಬಂತು, ಬಂಧನವಾಯಿತು. 2008ರಲ್ಲಿ ಶಿಕ್ಷೆ, 2010ರಲ್ಲಿ ಮೇಲ್ಮನವಿಯಲ್ಲಿ ಖುಲಾಸೆ. ಆದರೆ ಕಟ್ಟಡಕ್ಕೆ ಮೇಲ್ಮನವಿಯ ಅವಕಾಶವಿರಲಿಲ್ಲ. ಡಾಲರಿಗೆ ಸುಮಾರು 25ರಂತೆ ವರ್ಷಗಟ್ಟಲೆ ಕಟ್ಟಿಹಾಕಿದ್ದ ಥಾಯ್ ನಾಣ್ಯವನ್ನು 1997ರ ಜುಲೈ 2ರಂದು ಬಿಟ್ಟುಕೊಟ್ಟರು. ಆರೇ ತಿಂಗಳಲ್ಲಿ ಡಾಲರಿಗೆ 50 ದಾಟಿತು. ಡಾಲರಿನಲ್ಲಿ ಸಾಲ ತಂದವರ ಸಾಲ ಮಲಗಿದ್ದಲ್ಲೇ ಇಮ್ಮಡಿಯಾಯಿತು. ಸುಮಾರು ಶೇ. 80ರಷ್ಟು ಮುಗಿದಿದ್ದ ಕಟ್ಟಡ ಅಲ್ಲಿಗೇ ನಿಂತಿತು.

ಇಲ್ಲೊಂದು ಉಪಪ್ರಮೇಯವನ್ನು ಹೇಳದೆ ಮುಂದೆ ಹೋಗಲಾರೆ. ಥಾಯ್ ನಾಣ್ಯದ ಹೆಸರು ಬಾತ್. ಬಾತ್ ಕುಸಿದ ಆ ಬಿಕ್ಕಟ್ಟಿಗೆ ಅಲ್ಲಿಯ ಜನ ಇಟ್ಟ ಹೆಸರು ತೋಮ್ ಯಮ್ ಕುಂಗ್, ಅಂದರೆ ಅವರ ಹುಳಿಖಾರದ ಸಿಗಡಿ ಸಾರು. ಒಂದು ನಾಡು ತನ್ನ ದಿವಾಳಿಯನ್ನು ಊಟದ ಎಲೆಯ ಮೇಲೆ ಇಷ್ಟು ಚೊಕ್ಕಟವಾಗಿ ಬಡಿಸಿಕೊಂಡ ಉದಾಹರಣೆ ಕಡಿಮೆ. ನಮ್ಮಲ್ಲಿ ಬ್ಯಾಂಕು ಮುಳುಗಿದರೆ ಯಾರೂ ಅದನ್ನು ಬಸ್ಸಾರು ಎಂದು ಕರೆಯುವುದಿಲ್ಲ.

ಕ್ಷೇತ್ರಕಾರ್ಯಕ್ಕೆ ನಾವು ಇಳಿದದ್ದು ಸಫಾನ್ ತಕ್ಸಿನ್ ನಿಲ್ದಾಣದಲ್ಲಿ. ತಾತ್ಕಾಲಿಕ ಎಂದು ಕಟ್ಟಿದ ರೈಲು ನಿಲ್ದಾಣ ಅದು, ಇನ್ನೂ ಓಡುತ್ತಿದೆ. ಶಾಶ್ವತ ಎಂದು ಹೊರಟ ಕಟ್ಟಡ ಕೂಗಳತೆಯಲ್ಲಿ ಪಾಳುಬಿದ್ದಿದೆ. (ಈ ಎರಡು ವಾಕ್ಯಗಳಿಗೆ ಪ್ರತ್ಯೇಕ ಡಾಕ್ಟರೇಟ್ ಸಲ್ಲಬೇಕು.) ಬೇಲಿಯ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕಾವಲುಗಾರ ನಮ್ಮನ್ನು ಕಂಡೊಡನೆ ಎದ್ದೇಳಲೂ ಇಲ್ಲ, ಅಂಗೈಯನ್ನು ಎರಡು ಸಲ ಅಡ್ಡಡ್ಡ ಆಡಿಸಿದ. ಹಿಂದೆ ಕದ್ದು ಒಳನುಗ್ಗಿ ಚಿತ್ರ ತೆಗೆದು ಹಂಚಿಕೊಂಡವರ ಮೇಲೆ ಮಾಲೀಕರು ದೂರು ಕೊಟ್ಟದ್ದನ್ನು ಓದಿದ್ದೆನಾದ್ದರಿಂದ, ಅನ್ವೇಷಣೆಯನ್ನು ಫುಟ್‌ಪಾತಿನಿಂದಲೇ ನಡೆಸುವ ಹೊಸ ವಿಧಾನವನ್ನು ಅಲ್ಲೇ ರೂಪಿಸಿದೆ. ಇದಕ್ಕೆ ‘ಬಹಿರಂತಃಪ್ರವೇಶ’ ಎಂದು ಹೆಸರಿಟ್ಟಿದ್ದೇನೆ. ಮಂಡಿನೋವಿರುವ ವಿದ್ವಾಂಸರಿಗೆ ಒಗ್ಗುತ್ತದೆ.

ಕೆಳಗಿನಿಂದ ಕಂಡದ್ದು ಇಷ್ಟು. ರೋಮನ್ ಅರಮನೆಯ ಕಂಬಗಳು. ಅವುಗಳ ಮೈಮೇಲೆ ಮಳೆನೀರು ಇಳಿದ ಕಪ್ಪು ಪಟ್ಟೆಗಳು. ದುಂಡು ಬಾಲ್ಕನಿಯೊಂದರ ಅಂಚಿನಲ್ಲಿ ಕಂಬಿಯಿಲ್ಲ. ಬಿರುಕಿನಿಂದ ಎದ್ದ ಗಿಡವೊಂದು ಬಾಡಿಗೆ ಕೊಡದ ಬಿಡಾರಿಯಂತೆ ಹೊರಗೆ ಬಗ್ಗಿ ಬೀದಿ ನೋಡುತ್ತಿತ್ತು. ಭಾವ ಅಂತಸ್ತು ಎಣಿಸತೊಡಗಿದರು. ಮೂವತ್ತೊಂದಕ್ಕೆ ಕತ್ತು ಹಿಡಿದುಕೊಂಡಿತು.

ಈಗ ಪೂರ್ವಪಕ್ಷಗಳು. ಗೋಪುರದ ನೆರಳು ದೇಗುಲದ ಮೇಲೆ ಬೀಳುತ್ತದೆ, ಅದಕ್ಕೇ ಏಳಿಗೆಯಾಗಲಿಲ್ಲ ಎಂಬುದು ಒಂದು ಮತ. ಕೆಳಗೆ ಸ್ಮಶಾನವಿತ್ತು ಎಂಬುದು ಇನ್ನೊಂದು. ದೆವ್ವದ ಸಿನಿಮಾದವರೂ 2017ರಲ್ಲಿ ಈ ಗೋಪುರವನ್ನು ಬಳಸಿಕೊಂಡರು. ಸ್ಥಳದೇವತೆ ಮುನಿದಿದ್ದಾಳೆಯೇ ಎಂದು ಪರೀಕ್ಷಿಸಲು ಬೀದಿ ತಿರುವಿನ ಪುಟ್ಟ ದೇವರಗುಡಿಗೆ ಹೋದೆ. ಥಾಯ್ ಜನ ಜಾಗದ ಒಡೆಯನಾದ ಶಕ್ತಿಗೆ ಕಂಬದ ಮೇಲೊಂದು ಗೂಡು ಕಟ್ಟಿಕೊಡುತ್ತಾರೆ. ಅದರ ಮುಂದೆ ಕೆಂಪು ಫ್ಯಾಂಟಾ ಬಾಟಲಿ, ಮುಚ್ಚಳ ತೆಗೆದು, ಸ್ಟ್ರಾ ಸಮೇತ. ಮುನಿದ ದೇವತೆಗೆ ಯಾರೂ ಸ್ಟ್ರಾ ಇಡುವುದಿಲ್ಲ. ಆದ್ದರಿಂದ ಈ ಪಕ್ಷ ನಿರಸ್ತ.

ನನ್ನದೇ ಸಿದ್ಧಾಂತವನ್ನು ಗಂಟಲು ಸರಿಮಾಡಿಕೊಂಡು ಮಂಡಿಸಿದೆ. “ಭಾವ, ನಮ್ಮಲ್ಲಿ ಎರಡಂತಸ್ತಿನ ಮನೆಗೂ ಬೂದುಗುಂಬಳಕಾಯಿ ಕಟ್ಟುತ್ತೇವೆ, ದೃಷ್ಟಿಗೊಂಬೆ ತೂಗುಹಾಕುತ್ತೇವೆ. ಇವರು ಇಷ್ಟೆತ್ತರ ಎಬ್ಬಿಸಿ ಒಂದು ಕಾಯಿಯನ್ನೂ ಕಟ್ಟಿಲ್ಲ. ಇದು ಶುದ್ಧ ದೃಷ್ಟಿದೋಷ.”

ಭಾವ ಆಗಲೂ ಮೇಲೆಯೇ ನೋಡುತ್ತಿದ್ದರು. “ಸೆಂಟ್ರಿಂಗ್ ಬಿಚ್ಚವ್ರೆ. ಸ್ಲ್ಯಾಬು ಒಳ್ಳೇದೇ ಹಾಕವ್ರೆ ಕಣಯ್ಯಾ, ಇಷ್ಟು ವರ್ಷ ನೆನೆದ್ರೂ ಬಾಗಿಲ್ಲ ನೋಡು. ದೆವ್ವನೂ ಇಲ್ಲ, ದೃಷ್ಟಿನೂ ಇಲ್ಲ. ಪಾರ್ಟಿ ದುಡ್ಡು ಬಿಟ್ಟಿಲ್ಲ, ಅಷ್ಟೇಯ.”

ವಿನಿಮಯ ದರ, ಬಂಧನ, ಖುಲಾಸೆ, ಸಿಗಡಿ ಸಾರು ಎಲ್ಲವನ್ನೂ ಮೂರು ಪದಗಳಲ್ಲಿ ಮುಗಿಸಿಬಿಟ್ಟರು. ಇಂಥ ಸೂತ್ರಶೈಲಿಗೆ ಭಾಷ್ಯ ಬರೆಯುವುದಷ್ಟೇ ನನ್ನಂಥವರ ಪಾಲಿಗೆ ಉಳಿಯುವ ಕೆಲಸ. ಪೂರಕ ಸಾಕ್ಷಿಯನ್ನೂ ಒದಗಿಸಿದೆ: ಅದೇ ವಾಸ್ತುಶಿಲ್ಪಿಯ ಸ್ಟೇಟ್ ಟವರ್ ಸ್ವಲ್ಪ ದೂರದಲ್ಲಿ ಬಂಗಾರದ ಗುಮ್ಮಟ ಹೊತ್ತು ಮಿನುಗುತ್ತಿದೆ, ಅದರ ನೆತ್ತಿಯ ಮೇಲೆ ಜನ ಕೂತು ಕುಡಿಯುತ್ತಾರೆ. ಅದೇ ಕಂಬ, ಅದೇ ಬಾಲ್ಕನಿ. “ಅದ್ರ ಪಾರ್ಟಿ ಬಿಟ್ಟವ್ನೆ” ಎಂದರು ಭಾವ.

ಆಮೇಲೆ ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಕಾವಲುಗಾರನ ಕಡೆ ತಿರುಗಿ, ಬೆರಳಿನಿಂದ ಕಟ್ಟಡವನ್ನು ತೋರಿಸಿ, ಚೆನ್ನಾಗಿದೆ ಎನ್ನುವಂತೆ ಹೆಬ್ಬೆರಳೆತ್ತಿದರು. ಅವನೂ ಕೂತಲ್ಲಿಂದಲೇ ಹೆಬ್ಬೆರಳೆತ್ತಿದ. ದೋಣಿಕಟ್ಟೆಯತ್ತ ನಡೆಯುವಾಗ, ರೋಮಿಂಗ್ ದುಬಾರಿ ಎಂದು ಮೂರು ದಿನದಿಂದ ಬಂದ್ ಮಾಡಿಟ್ಟಿದ್ದ ಫೋನನ್ನು ಜೇಬಿನಿಂದ ತೆಗೆದು ಮನೆಗೆ ಹಚ್ಚಿದರು.

“ಏಯ್, ಆ ಮೂರನೇ ಮಹಡಿ ಪಾರ್ಟಿ ಏನಾದ್ರೂ ಬಂದಿದ್ನಾ?”